ದ್ರವ ತುಂಬುವ ಯಂತ್ರಗಳ ನಿರ್ವಹಣೆ ಮತ್ತು ಬಿಡಿಭಾಗಗಳ ಖರೀದಿ: ಪೊಟ್ಟಣೀಕರಣ ಉದ್ದಿಮೆದಾರರಿಗೆ ಮಾಹಿತಿ

ಪೀಠಿಕೆ

ಖಾದ್ಯ ತೈಲ, ಕುಡಿಯುವ ನೀರು, ಹಣ್ಣಿನ ರಸ, ಫಿನಾಯಿಲ್ ಮುಂತಾದ ದ್ರವ ಪದಾರ್ಥಗಳನ್ನು ಬಾಟಲಿ, ಡಬ್ಬಿ ಅಥವಾ ಪೊಟ್ಟಣಗಳಲ್ಲಿ ತುಂಬಿ ಮಾರಾಟ ಮಾಡುವ ಉದ್ದಿಮೆದಾರರು, ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು, 2011ರ ನಿಯಮ 27ರನ್ವಯ, ಪೊಟ್ಟಣೀಕರಣ ಆರಂಭಿಸಿದ 90 ದಿನಗಳೊಳಗಾಗಿ ನೋಂದಣಿಗೆ ಅರ್ಜಿ ಸಲ್ಲಿಸತಕ್ಕದ್ದು. ಆದರೆ ನೋಂದಣಿ ಪತ್ರದಿಂದ ಬಾಟಲಿಯೊಳಗಿನ ಪ್ರಮಾಣವು ಸರಿಯಾಗುವುದಿಲ್ಲ. ಅದನ್ನು ಸರಿಯಾಗಿಡುವುದು ತುಂಬುವ ಯಂತ್ರ. ಆ ಯಂತ್ರದೊಳಗೆ, ಬಹುಮಟ್ಟಿಗೆ, ಅತಿ ಕಡಿಮೆ ಬೆಲೆಯ ರಬ್ಬರ್ ಉಂಗುರಗಳು, ಸ್ಪ್ರಿಂಗ್‌ಗಳು ಮತ್ತು ವಾಲ್ವ್‌ಗಳು. ಇವು ಸವೆದಾಗ ಯಂತ್ರವು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಅಳತೆ ಮಾತ್ರ ತಪ್ಪುತ್ತದೆ. ಈ ಕಾರಣದಿಂದ ಬಿಡಿಭಾಗಗಳ ವಿಷಯವನ್ನು ಯಂತ್ರ ರಿಪೇರಿಯವರಿಗೆ ಬಿಟ್ಟ ವಿಷಯವೆಂದು ಉದ್ದಿಮೆದಾರರು ಭಾವಿಸಬಾರದು.

ನಿವ್ವಳ ಪ್ರಮಾಣ ಮತ್ತು ಅನುಮತಿಸಿದ ಗರಿಷ್ಠ ದೋಷ

ಮೇಲ್ಕಂಡ ನಿಯಮಗಳ ಮೊದಲನೆಯ ಅನುಸೂಚಿಯಲ್ಲಿ, ಪ್ರತ್ಯೇಕ ಪೊಟ್ಟಣವೊಂದರಲ್ಲಿ ಅನುಮತಿಸಬಹುದಾದ ಗರಿಷ್ಠ ದೋಷವನ್ನು ಗೊತ್ತುಪಡಿಸಲಾಗಿದೆ. ಅದರಂತೆ 200 ಮಿ.ಲೀ. ಪೊಟ್ಟಣಕ್ಕೆ 9 ಮಿ.ಲೀ., 500 ಮಿ.ಲೀ. ಹಾಗೂ 1 ಲೀಟರ್ ಪೊಟ್ಟಣಗಳೆರಡಕ್ಕೂ 15 ಮಿ.ಲೀ., 5 ಲೀಟರ್‌ಗೆ 75 ಮಿ.ಲೀ. ಮತ್ತು 20 ಲೀಟರ್ ಜಾಡಿಗೆ 200 ಮಿ.ಲೀ. ಮಿತಿ ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಪ್ರಚಲಿತದಲ್ಲಿದೆ. 1 ಲೀಟರ್ ಬಾಟಲಿಗೆ 985 ಮಿ.ಲೀ. ತುಂಬಿದರೂ ಕಾನೂನು ಪಾಲನೆಯಾಯಿತೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಪರೀಕ್ಷೆಗೆ ತೆಗೆದುಕೊಂಡ ಮಾದರಿ ಪೊಟ್ಟಣಗಳ ಸರಾಸರಿ ಪ್ರಮಾಣವು ಘೋಷಿತ ಪ್ರಮಾಣಕ್ಕಿಂತ ಕಡಿಮೆ ಇರಕೂಡದು. ಗರಿಷ್ಠ ದೋಷದ ಮಿತಿಯು ಯಂತ್ರದ ಸ್ವಾಭಾವಿಕ ಏರಿಳಿತಕ್ಕೆ ನೀಡಿದ ಅವಕಾಶವೇ ಹೊರತು ಕಡಿಮೆ ತುಂಬಲು ನೀಡಿದ ಅನುಮತಿಯಲ್ಲ. ಇದಕ್ಕೆ ಹೆದರಿ ಎಲ್ಲ ಬಾಟಲಿಗಳಿಗೂ ಸ್ವಲ್ಪ ಹೆಚ್ಚು ಸುರಿಯುವವರೂ ಇದ್ದಾರೆ. ದಿನಕ್ಕೆ 6,000 ಬಾಟಲಿ ತುಂಬುವ ಘಟಕವು ಪ್ರತಿ ಬಾಟಲಿಗೆ 6 ಮಿ.ಲೀ. ಹೆಚ್ಚು ತುಂಬಿದರೆ ದಿನವೊಂದಕ್ಕೆ 36 ಲೀಟರ್ ಎಣ್ಣೆ ಬೆಲೆಯಿಲ್ಲದೆ ಹೊರಹೋಗುತ್ತದೆ. ಅದರ ಮೌಲ್ಯದಲ್ಲಿ ಯಂತ್ರದ ಎಲ್ಲ ರಬ್ಬರ್ ಉಂಗುರಗಳನ್ನು ಹಲವು ಬಾರಿ ಬದಲಾಯಿಸಬಹುದು.

ಖಾದ್ಯ ತೈಲ ಘಟಕಗಳ ವಿಶೇಷ ಗಮನಕ್ಕೆ

ಎಣ್ಣೆಯು ಕಾಯ್ದಂತೆ ಹಿಗ್ಗುತ್ತದೆ. 1 ಲೀಟರ್ ಸೋಯಾ ಎಣ್ಣೆಯ ತೂಕವು 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ ಮಾತ್ರ. ಪೊಟ್ಟಣದ ಮೇಲೆ ಹೆಚ್ಚಿನ ಉಷ್ಣಾಂಶವನ್ನು ನಮೂದಿಸಿ ಕಡಿಮೆ ತೂಕದ ಎಣ್ಣೆ ನೀಡುವ ಪದ್ಧತಿಯನ್ನು ತಡೆಯುವ ಸಲುವಾಗಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಆಗಸ್ಟ್‌ನಲ್ಲಿ, ಉಷ್ಣಾಂಶದ ಉಲ್ಲೇಖವಿಲ್ಲದೆ ಪ್ರಮಾಣವನ್ನೂ ಅದರ ಜೊತೆಗೆ ತೂಕವನ್ನೂ ಘೋಷಿಸುವಂತೆ ತಯಾರಕರಿಗೆ ಸೂಚಿಸಿ, 2023ರ ಜನವರಿ 15ರವರೆಗೆ ಕಾಲಾವಕಾಶ ನೀಡಿತ್ತು.

ಆದುದರಿಂದ ಬೆಳಗಿನ ತಂಪಿನಲ್ಲಿ ಹೊಂದಿಸಿದ ಪಿಸ್ಟನ್ ಯಂತ್ರವು ಮಧ್ಯಾಹ್ನ ಅದೇ ಮಿಲಿಲೀಟರ್ ಸುರಿದರೂ ಗ್ರಾಂ ಲೆಕ್ಕದಲ್ಲಿ ಕಡಿಮೆ ಸುರಿದಂತಾಗುತ್ತದೆ. ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಲೀಟರಿಗೆ ಸುಮಾರು 7 ಗ್ರಾಂ ಅಂತರ ಬರುತ್ತದೆ. ಗಾಣದಿಂದ ಅಥವಾ ಸೋಸುಯಂತ್ರದಿಂದ ಬಂದ ಬಿಸಿ ಎಣ್ಣೆಯನ್ನು ನೇರವಾಗಿ ತುಂಬದೆ, ತೊಟ್ಟಿಯಲ್ಲಿ ತಣಿಯಲು ಬಿಡುವುದು ಒಳಿತು. ಇದರಿಂದ ಮಡ್ಡಿಯೂ ಕೆಳಗಿಳಿಯುತ್ತದೆ. ಗಾಣದ ಎಣ್ಣೆ ತುಂಬುವ ಘಟಕಗಳಲ್ಲಿ ಪಿಸ್ಟನ್ ಉಂಗುರಗಳು ಬೇಗ ಸವೆಯಲು ಈ ಮಡ್ಡಿಯೇ ಮುಖ್ಯ ಕಾರಣಗಳಲ್ಲೊಂದು.

ಯಂತ್ರದ ಬಗೆ

ಸಣ್ಣ ಮತ್ತು ಮಧ್ಯಮ ಘಟಕಗಳಲ್ಲಿ ಪಿಸ್ಟನ್ ಮಾದರಿಯೇ ಹೆಚ್ಚು. ಸಿಲಿಂಡರ್‌ನ ವ್ಯಾಸ ಮತ್ತು ಪಿಸ್ಟನ್ ಸರಿಯುವ ದೂರ, ಇವೆರಡೇ ಇಲ್ಲಿ ಅಳತೆ. 80 ಮಿ.ಮೀ. ವ್ಯಾಸದ ಸಿಲಿಂಡರ್‌ನಲ್ಲಿ ಪಿಸ್ಟನ್ 1 ಮಿ.ಮೀ. ಸರಿದರೆ ಸುಮಾರು 5 ಮಿ.ಲೀ. ದ್ರವ ಹೊರಬರುತ್ತದೆ, ಅಂದರೆ ಹೊಂದಾಣಿಕೆಯ ನಟ್ಟು ಸಡಿಲಗೊಂಡು 3 ಮಿ.ಮೀ. ಆಟ ಬಂದರೆ 1 ಲೀಟರ್ ಬಾಟಲಿಯ ಪೂರ್ಣ ದೋಷಮಿತಿಯು ಅಲ್ಲಿಯೇ ಮುಗಿದುಹೋಗುತ್ತದೆ.

ಮಟ್ಟ ನೋಡಿ ತುಂಬುವ ಯಂತ್ರಗಳಲ್ಲಿ (ನೀರಿನ ಘಟಕಗಳಲ್ಲಿ ಇವು ಸಾಮಾನ್ಯ) ಬಾಟಲಿಯೇ ಅಳತೆಯ ಪಾತ್ರೆ. ಬಾಟಲಿ ಸರಬರಾಜುದಾರರನ್ನು ಬದಲಾಯಿಸಿದ ದಿನ ಯಂತ್ರವನ್ನು ಮುಟ್ಟದಿದ್ದರೂ ಪ್ರಮಾಣ ಬದಲಾಗಿರುತ್ತದೆ. ಹರಿವುಮಾಪಕ ಅಥವಾ ತೂಕದ ಆಧಾರದ ಮೇಲೆ ತುಂಬುವ ಯಂತ್ರಗಳು ಹೆಚ್ಚು ನಿಖರವಾದರೂ ಅವುಗಳ ವಿದ್ಯುನ್ಮಾನ ಭಾಗಗಳು ದುಬಾರಿ.

ದೈನಂದಿನ ತಪಾಸಣೆ

ಪಾಳಿ ಆರಂಭವಾದಾಗ ಹಾಗೂ ನಂತರ ಗಂಟೆಗೊಮ್ಮೆ, ಪ್ರತಿ ನಾಜಲ್‌ನಿಂದ ಒಂದೊಂದು ಬಾಟಲಿಯನ್ನು ತೆಗೆದು, ಖಾಲಿ ಬಾಟಲಿಯ ತೂಕವನ್ನು ಕಳೆದು, ನಿವ್ವಳ ತೂಕವನ್ನು ಪುಸ್ತಕದಲ್ಲಿ ಬರೆಯತಕ್ಕದ್ದು. ನಾಜಲ್‌ಗಳಿಗೆ ಸಂಖ್ಯೆ ನೀಡಿ, ಪ್ರತಿ ನಾಜಲ್‌ಗೂ ಪ್ರತ್ಯೇಕ ಅಂಕಣ ಇಡುವುದು ಅವಶ್ಯಕ. ಎಲ್ಲವನ್ನೂ ಸೇರಿಸಿ ಒಂದೇ ಸರಾಸರಿ ಬರೆದರೆ ಒಂದು ನಾಜಲ್‌ನ ಕೊರತೆಯನ್ನು ಮತ್ತೊಂದರ ಹೆಚ್ಚಳವು ಮುಚ್ಚಿಹಾಕುತ್ತದೆ. ಕಣ್ಣಳತೆಯಿಂದ ಈ ಕೆಲಸ ಸಾಧ್ಯವಿಲ್ಲ.

ಈ ಪುಸ್ತಕವನ್ನು ಓದಲು ಕಲಿತ ಚಾಲಕನಿಗೆ ಯಂತ್ರವನ್ನು ಬಿಚ್ಚದೆಯೇ ದೋಷದ ಸ್ಥಳ ಬಹುಮಟ್ಟಿಗೆ ತಿಳಿಯುತ್ತದೆ. ಒಂದೇ ನಾಜಲ್‌ನ ಪ್ರಮಾಣವು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಇಳಿಯುತ್ತಿದ್ದರೆ ಆ ಸಿಲಿಂಡರ್‌ನ ಪಿಸ್ಟನ್ ಉಂಗುರ ಸವೆದಿರುವ ಸಂಭವ ಹೆಚ್ಚು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುತ್ತಿದ್ದರೆ ಒಳಹರಿವಿನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ, ಅಥವಾ ಹೀರುವ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ ಎಂದು ತಿಳಿಯಬೇಕು. ಎಲ್ಲ ನಾಜಲ್‌ಗಳೂ ಒಟ್ಟಿಗೆ ಇಳಿದರೆ ದೋಷವು ಯಾವ ಒಂದು ಭಾಗದ್ದೂ ಅಲ್ಲ. ತೊಟ್ಟಿಯ ಮಟ್ಟ, ದ್ರವದ ಉಷ್ಣಾಂಶ ಮತ್ತು ಗಾಳಿಯ ಒತ್ತಡವನ್ನು ನೋಡುವುದು. ತುಂಬಿ ನಿಂತ ನಂತರವೂ ತೊಟ್ಟಿಕ್ಕುತ್ತಿದ್ದರೆ ನಾಜಲ್ ತುದಿಯ ಸೀಲ್ ಬದಲಾಯಿಸಬೇಕು. ಬಾಟಲಿಯ ಹೊರಮೈ ಜಿಡ್ಡಾಗಿ ಲೇಬಲ್ ಅಂಟದಿರುವುದೂ ಇದರ ಲಕ್ಷಣವೇ.

ಸಂಕುಚಿತ ಗಾಳಿಯ ಸೋಸುಕದಲ್ಲಿ ಸೇರುವ ನೀರನ್ನು ಪ್ರತಿದಿನ ಹೊರಬಿಡುವುದು. ಬಿಚ್ಚುವ ಮುನ್ನ ವಿದ್ಯುತ್ ಕಡಿತಗೊಳಿಸಿದರೆ ಸಾಲದು. ಗಾಳಿಯ ಒತ್ತಡವನ್ನೂ ಪೂರ್ಣವಾಗಿ ಇಳಿಸತಕ್ಕದ್ದು. ವಿದ್ಯುತ್ ಇಲ್ಲದಿದ್ದರೂ ಉಳಿದ ಗಾಳಿಯಿಂದ ಪಿಸ್ಟನ್ ಒಮ್ಮೆಲೇ ಚಲಿಸಿ ಬೆರಳಿಗೆ ಅಪಾಯವಾಗಬಹುದು. ಕ್ಷಾರ ಹಾಗೂ ಆಮ್ಲದಿಂದ ಯಂತ್ರವನ್ನು ತೊಳೆಯುವ ಘಟಕಗಳಲ್ಲಿ, ಬ್ಲೀಚಿಂಗ್ ದ್ರಾವಣವನ್ನು ಯಾವ ಕಾರಣಕ್ಕೂ ಆಮ್ಲದೊಂದಿಗೆ ಬೆರೆಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಮುದ್ರೆ ಹಾಕಿದ ತೂಕದ ಉಪಕರಣಗಳು

ತಪಾಸಣೆಗೆ ಬಳಸುವ ವಿದ್ಯುನ್ಮಾನ ತಕ್ಕಡಿಯನ್ನು 12 ತಿಂಗಳಿಗೊಮ್ಮೆ, ತೂಕದ ಬಟ್ಟುಗಳನ್ನು 24 ತಿಂಗಳಿಗೊಮ್ಮೆ ಸತ್ಯಾಪನೆಗೊಳಪಡಿಸಿ ಮುದ್ರೆ ಹಾಕಿಸತಕ್ಕದ್ದು. ಅವಧಿಗೆ ಮುನ್ನವೇ ದುರಸ್ತಿ ಅಥವಾ ಹೊಂದಾಣಿಕೆ ಮಾಡಿದಲ್ಲಿ, ಮರುಸತ್ಯಾಪನೆಯಾಗದೆ ಅಂತಹ ಉಪಕರಣವನ್ನು ಬಳಸುವಂತಿಲ್ಲ. ತೂಕದ ಉಪಕರಣಗಳ ದುರಸ್ತಿಯನ್ನು ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009ರ ಕಲಂ 23ರಡಿ ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ಅಂದರೆ ಪಿಸ್ಟನ್ ಉಂಗುರವನ್ನು ತಮ್ಮ ಚಾಲಕನೇ ಬದಲಾಯಿಸಬಹುದು. ತಕ್ಕಡಿಯ ಲೋಡ್ ಸೆಲ್ಲನ್ನು ಬದಲಾಯಿಸಲು ಮುದ್ರೆ ಒಡೆಯುವಂತಿಲ್ಲ. ಈ ವ್ಯತ್ಯಾಸವನ್ನು ಸಿಬ್ಬಂದಿಗೆ ಮೊದಲೇ ತಿಳಿಸಿರಬೇಕು.

ಬಿಡಿಭಾಗಗಳನ್ನು ಗುರುತಿಸುವುದು

ಯಂತ್ರವು ಕೆಟ್ಟು ನಿಂತ ದಿನ ಸವೆದ ಉಂಗುರವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವ ರೂಢಿಯು ಸರ್ವತ್ರ ಕಂಡುಬರುತ್ತದೆ. ಸವೆದ ಉಂಗುರದ ಅಳತೆ ಹೊಸದರ ಅಳತೆಯಲ್ಲ. ಎಣ್ಣೆಯಲ್ಲಿ ಉಬ್ಬಿದ ಉಂಗುರದ ಅಳತೆ ಇನ್ನೂ ದಾರಿತಪ್ಪಿಸುತ್ತದೆ. ಆದ್ದರಿಂದ ಯಂತ್ರ ಖರೀದಿಸುವಾಗಲೇ, ಹಣ ಪಾವತಿ ಪೂರ್ಣಗೊಳ್ಳುವ ಮುನ್ನ, ಬಿಡಿಭಾಗಗಳ ಪಟ್ಟಿ, ಭಾಗಗಳ ನಕ್ಷೆ, ವಿದ್ಯುತ್ ಹಾಗೂ ಗಾಳಿ ಸಂಪರ್ಕದ ನಕ್ಷೆ ಮತ್ತು ನಿಯಂತ್ರಕದ ಪ್ರೋಗ್ರಾಂ ಪ್ರತಿಯನ್ನು ಮಾರಾಟಗಾರರಿಂದ ಲಿಖಿತವಾಗಿ ಕೇಳಿ ಪಡೆಯತಕ್ಕದ್ದು. ಪೂರ್ಣ ಹಣ ಕೈಸೇರಿದ ಮೇಲೆ ಈ ಕಾಗದಗಳನ್ನು ಪಡೆಯುವುದು ಕಷ್ಟ.

ರಬ್ಬರ್ ಉಂಗುರಕ್ಕೆ ಒಳವ್ಯಾಸ, ದಪ್ಪ, ಗಡಸುತನ ಮತ್ತು ವಸ್ತು ಎಂಬ ನಾಲ್ಕು ವಿವರಗಳು ಬೇಕು. ಕಣ್ಣಿಗೆ ಎಲ್ಲವೂ ಕಪ್ಪು ಉಂಗುರಗಳೇ ಆದರೂ ಗುಣ ಬೇರೆ. ನೈಟ್ರೈಲ್ ರಬ್ಬರ್ ಎಣ್ಣೆಗೆ ಒಗ್ಗುತ್ತದೆ. ಇ.ಪಿ.ಡಿ.ಎಂ. ರಬ್ಬರ್ ಬಿಸಿನೀರು, ಉಗಿ ಮತ್ತು ಕ್ಷಾರಕ್ಕೆ ಉತ್ತಮವಾದರೂ ಎಣ್ಣೆಯಲ್ಲಿ ಉಬ್ಬಿ ಪಿಸ್ಟನ್ನನ್ನು ಬಿಗಿಹಿಡಿಯುತ್ತದೆ. ಸಿಲಿಕೋನ್ ಶಾಖವನ್ನು ತಾಳುತ್ತದೆ, ಉಜ್ಜಾಟವನ್ನು ತಾಳದು. ನಿಶ್ಚಲ ಜೋಡಣೆಗಳಿಗೆ ಮಾತ್ರ ತಕ್ಕದ್ದು. ಉಪ್ಪಿನಂಶವಿರುವ ದ್ರವಗಳಿಗೆ 304 ದರ್ಜೆಯ ಉಕ್ಕಿಗಿಂತ 316 ದರ್ಜೆಯ ತುಕ್ಕುನಿರೋಧಕ ಉಕ್ಕು ಬಾಳಿಕೆ ಬರುತ್ತದೆ.

ಬೇರಿಂಗ್‌ಗಳ ವಿಷಯ ಸುಲಭ. ಅವುಗಳ ಮೇಲೆ ಕೊರೆದ ಸಂಖ್ಯೆಯು ಅಂತರರಾಷ್ಟ್ರೀಯವಾಗಿ ಒಂದೇ. 6204 ಎಂದಿದ್ದರೆ ಕೊನೆಯ ಎರಡಂಕಿಯನ್ನು 5ರಿಂದ ಗುಣಿಸಿದಾಗ ಬರುವ 20 ಮಿ.ಮೀ. ಅದರ ಒಳವ್ಯಾಸ, ಯಾವ ಪಟ್ಟಣದಲ್ಲಾದರೂ ದೊರೆಯುತ್ತದೆ. ಯಂತ್ರ ತಯಾರಕರ ಹೆಸರಿನಲ್ಲಿ ಇದನ್ನು ಹೆಚ್ಚು ಬೆಲೆಗೆ ಕೊಳ್ಳುವ ಅವಶ್ಯಕತೆಯಿಲ್ಲ. ಸೊಲೆನಾಯ್ಡ್ ವಾಲ್ವ್‌ಗೆ ಮಾತ್ರ ಕೊಳವೆಯ ಅಳತೆಯ ಜೊತೆ ವಿದ್ಯುತ್ ಒತ್ತಡವನ್ನೂ (24 ವೋಲ್ಟ್ ನೇರ ಪ್ರವಾಹವೋ, 230 ವೋಲ್ಟ್ ಪರ್ಯಾಯ ಪ್ರವಾಹವೋ) ಬರೆಯಲು ಮರೆಯಬಾರದು.

ಬೇಡಿಕೆ ಪತ್ರ

ದೂರವಾಣಿಯಲ್ಲಿ ಹೇಳಿದ ಬೇಡಿಕೆಗೆ ಬಂದ ತಪ್ಪು ಭಾಗವನ್ನು ಹಿಂತಿರುಗಿಸುವುದು ಕಷ್ಟವಾದ್ದರಿಂದ ಬೇಡಿಕೆಯು ಲಿಖಿತವಾಗಿರತಕ್ಕದ್ದು. ಮಾದರಿಗಾಗಿ: “ನಾಲ್ಕು ನಾಜಲ್‌ಗಳ ಪಿಸ್ಟನ್ ಯಂತ್ರ, ಫಲಕದಲ್ಲಿರುವ ಕ್ರಮಸಂಖ್ಯೆ ಮತ್ತು ತಯಾರಿಕಾ ವರ್ಷ ಇಂತಿಷ್ಟು, ತುಂಬುವ ದ್ರವ ಕಡಲೆಕಾಯಿ ಎಣ್ಣೆ, ಪಿಸ್ಟನ್ ಓ-ರಿಂಗ್, ಒಳವ್ಯಾಸ 69.2 ಮಿ.ಮೀ., ದಪ್ಪ 5.7 ಮಿ.ಮೀ., ನೈಟ್ರೈಲ್, ಗಡಸುತನ 70 ಶೋರ್ ಎ, ಆಹಾರ ಸಂಪರ್ಕಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಸಹಿತ, 8 ಸಂಖ್ಯೆ.” ದ್ರವದ ಹೆಸರು ಬರೆದರೆ ವಸ್ತುವಿನ ಆಯ್ಕೆಯಲ್ಲಿ ತಪ್ಪಿದ್ದರೂ ಸರಬರಾಜುದಾರರೇ ಎಚ್ಚರಿಸುವ ಅವಕಾಶವಿರುತ್ತದೆ. ಖಾದ್ಯ ಪದಾರ್ಥ ತಾಗುವ ಭಾಗಗಳಿಗೆ ಪ್ರಮಾಣಪತ್ರವನ್ನು ಕೇಳದೆ ಬಿಡಬಾರದು. ಹಚ್ಚುವ ಗ್ರೀಸಿಗೂ ಈ ಮಾತು ಅನ್ವಯಿಸುತ್ತದೆ.

ಎಷ್ಟು ದಾಸ್ತಾನು ಇಡಬೇಕೆಂಬುದನ್ನು ಬೆಲೆಯಿಂದಲ್ಲ, ಭಾಗವು ಬರಲು ತಗಲುವ ದಿನಗಳಿಂದ ನಿರ್ಧರಿಸುವುದು ಯುಕ್ತ. ಪಿಸ್ಟನ್ ಮತ್ತು ನಾಜಲ್ ಸೀಲ್‌ಗಳ ಎರಡು ಪೂರ್ಣ ಜೊತೆ ಹಾಗೂ ಒಂದು ಸೊಲೆನಾಯ್ಡ್ ವಾಲ್ವ್ ಸದಾ ಕೈಯಲ್ಲಿರಲಿ. ಹಬ್ಬದ ಮುಂಚಿನ ತಿಂಗಳುಗಳಲ್ಲಿ ತುಂಬುವ ಕೆಲಸ ಹೆಚ್ಚಿರುವ ಘಟಕಗಳು ಅದಕ್ಕೂ ಮೊದಲೇ ಬದಲಾವಣೆ ಮುಗಿಸಿಕೊಳ್ಳುವುದು ಲೇಸು. ರಬ್ಬರ್ ಭಾಗಗಳನ್ನು ಮೊಳೆಗೆ ನೇತುಹಾಕದೆ, ಬಿಸಿಲು ಮತ್ತು ವಿದ್ಯುತ್ ಮೋಟಾರುಗಳಿಂದ ದೂರದಲ್ಲಿ, ಮುಚ್ಚಿದ ಚೀಲದಲ್ಲಿಡಬೇಕು.

ತಯಾರಕರು ವ್ಯವಹಾರ ನಿಲ್ಲಿಸಿದ್ದರೆ ಬುಷ್, ಶಾಫ್ಟ್, ಪಿಸ್ಟನ್ ಮುಂತಾದ ಲೋಹದ ಭಾಗಗಳನ್ನು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಯಂತ್ರಾಗಾರಗಳಲ್ಲಿ ಮಾಡಿಸಬಹುದು. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ರಾಜ್ಯದ ಹಲವೆಡೆ ಶಾಖೆಗಳಿದ್ದು, ನಿಖರ ಯಂತ್ರಭಾಗಗಳ ತಯಾರಿಕೆಯಲ್ಲಿ ಅನುಭವ ಹೊಂದಿದೆ. ಇಂತಹ ಕಡೆ ಸವೆದ ಭಾಗದೊಂದಿಗೆ ಅದು ಕೂರುವ ಸಿಲಿಂಡರನ್ನೂ ಒಯ್ಯುವುದು ಅಗತ್ಯ.

ವಿದೇಶದಿಂದ ತರಿಸುವಾಗ

ವ್ಯಾಪಾರೋದ್ದೇಶದ ಆಮದಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ನೀಡುವ, ಪ್ಯಾನ್ ಆಧಾರಿತವಾದ ಆಮದು-ರಫ್ತು ಸಂಕೇತ ಸಂಖ್ಯೆ ಸಾಮಾನ್ಯವಾಗಿ ಅವಶ್ಯಕ. ಸುಂಕದ ವರ್ಗೀಕರಣದಲ್ಲಿ ದ್ರವ ತುಂಬುವ ಯಂತ್ರವು 8422 30ರಡಿ, ಅದಕ್ಕೆಂದೇ ತಯಾರಾದ ಭಾಗಗಳು 8422 90ರಡಿ ಬರುತ್ತವೆ. ಆದರೆ ಎಲ್ಲ ಬಿಡಿಭಾಗಗಳನ್ನೂ ಇದೇ ಶೀರ್ಷಿಕೆಯಡಿ ತೋರಿಸಕೂಡದು. ಬೇರಿಂಗ್ 8482, ವಾಲ್ವ್ 8481, ವಿದ್ಯುತ್ ಮೋಟಾರು 8501, ರಬ್ಬರ್ ಸೀಲ್ 4016 93 ಹೀಗೆ ತಮ್ಮದೇ ಶೀರ್ಷಿಕೆಗಳನ್ನು ಹೊಂದಿವೆ. ಸರಕುಪಟ್ಟಿಯಲ್ಲಿ “ಯಂತ್ರದ ಭಾಗಗಳು” ಎಂದಷ್ಟೇ ಬರೆದು ಬಂದ ಸಣ್ಣ ಪೆಟ್ಟಿಗೆಯು ಸುಂಕ ಕಚೇರಿಯಲ್ಲಿ ತಡವಾದರೆ, ಇತ್ತ ಯಂತ್ರವು ಅಷ್ಟೂ ದಿನ ನಿಂತಿರುತ್ತದೆ. ಪ್ರತಿ ಭಾಗಕ್ಕೂ ಪ್ರತ್ಯೇಕ ಹೆಸರು, ಸಂಖ್ಯೆ ಮತ್ತು ಬೆಲೆ ನಮೂದಿಸುವಂತೆ ಸರಬರಾಜುದಾರರಿಗೆ ಬೇಡಿಕೆ ಪತ್ರದಲ್ಲಿಯೇ ತಿಳಿಸತಕ್ಕದ್ದು.

ಭಾಗ ಬದಲಾಯಿಸಿದ ನಂತರ

ಹೊಸ ಸೀಲ್ ಹಾಕಿದ ಮೇಲೆ ಮೊದಲ ಬಾಟಲಿಗಳನ್ನು ಮಾರಾಟಕ್ಕೆ ಕಳುಹಿಸದೆ ತೊಟ್ಟಿಗೆ ಹಿಂತಿರುಗಿಸಿ, ನಂತರ ಪ್ರತಿ ನಾಜಲ್‌ನಿಂದ ಸತತವಾಗಿ ಹತ್ತು ಬಾಟಲಿಗಳನ್ನು ತೂಗಿ ಹೊಂದಾಣಿಕೆ ಮಾಡುವುದು. ಬದಲಾಯಿಸಿದ ಭಾಗ, ದಿನಾಂಕ ಮತ್ತು ಮೊದಲ ತೂಕಗಳನ್ನು ತಪಾಸಣಾ ಪುಸ್ತಕದಲ್ಲಿಯೇ ಬರೆದರೆ ಮುಂದಿನ ಬದಲಾವಣೆ ಎಂದು ಬರಬಹುದೆಂಬ ಲೆಕ್ಕವೂ ಅಲ್ಲಿಯೇ ದೊರೆಯುತ್ತದೆ. ತಕ್ಕಡಿಯ ದುರಸ್ತಿಯ ನಂತರದ ಮರುಸತ್ಯಾಪನೆಗಾಗಿ ಆಯಾ ವ್ಯಾಪ್ತಿಯ ಕಾನೂನು ಮಾಪನಶಾಸ್ತ್ರ ನಿರೀಕ್ಷಕರ ಕಚೇರಿಯನ್ನು, ಹಿಂದಿನ ಸತ್ಯಾಪನಾ ಪತ್ರ ಮತ್ತು ಪರವಾನಗಿ ಪಡೆದ ದುರಸ್ತಿಗಾರರ ರಸೀದಿಯೊಂದಿಗೆ ಸಂಪರ್ಕಿಸುವುದು.