ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಎಬ್ಬಿಸುವ ಕಥೆ

ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ನಮ್ಮ ಕಂಪ್ಯೂಟರ್ ಏಳಲೇ ಇಲ್ಲ. ಕಪ್ಪು ಪರದೆ, ಅದರ ಮೇಲೆ ಒಂದು ಸಾಲು ಇಂಗ್ಲಿಷ್, ಅಷ್ಟೇ. ಬೈಕಿಗೆ ಕಟ್ಟಿಕೊಂಡು ತಾಲ್ಲೂಕಿನ ಅಂಗಡಿಗೆ ಒಯ್ದೆವು. ಸಂಜೆ ವಾಪಸ್ ಬಂದಾಗ ಹೊಸ ವಿಂಡೋಸ್ ಇತ್ತು, ಎರಡು ವರ್ಷದ ಬರದ ಫೋಟೊಗಳು ಇರಲಿಲ್ಲ. ಅಂಗಡಿಯವರು ಬಳಸಿದ್ದು ಒಂದು ಪೆನ್‌ಡ್ರೈವ್. ಅಂಥದೇ ಒಂದು ಪೆನ್‌ಡ್ರೈವ್‌ನಿಂದ ಆ ಫೋಟೊಗಳನ್ನು ಮೊದಲು ಹೊರಗೆ ತೆಗೆಯಬಹುದಿತ್ತು ಎಂದು ನಮಗೆ ಗೊತ್ತಾಗಿದ್ದು ಆಮೇಲೆ.

ಕಂಪ್ಯೂಟರ್ ಆನ್ ಮಾಡಿದ ಕ್ಷಣದಲ್ಲಿ ಅದರ ಮೆಮೊರಿ ಖಾಲಿ. ವಿಂಡೋಸ್ ಎಲ್ಲಿದೆ ಎಂದು ಹುಡುಕುವುದಕ್ಕೂ ಒಂದು ಪ್ರೋಗ್ರಾಂ ಬೇಕು. ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಂಡ ಹಾಗೆ ಎನ್ನುವ ಮಾತಿನಿಂದಲೇ 'ಬೂಟ್' ಪದ ಬಂತು. 1975ರ ಆಲ್ಟೇರ್ 8800 ಯಂತ್ರದಲ್ಲಿ ಆ ಮೊದಲ ಪ್ರೋಗ್ರಾಂ ಅನ್ನು ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಕೈಯಿಂದಲೇ ತುಂಬಬೇಕಿತ್ತು. 1981ರ ಐಬಿಎಂ ಪಿಸಿಯಲ್ಲಿ ಆ ಕೆಲಸ ಬಯೋಸ್ ಎಂಬ ಚಿಪ್ಪಿಗೆ ಹೋಯಿತು. ಅದು ಮೊದಲು ಫ್ಲಾಪಿ ಇದೆಯೇ ಎಂದು ನೋಡುತ್ತಿತ್ತು, ಇದ್ದರೆ ಅದರಲ್ಲಿದ್ದದ್ದನ್ನು ಕಣ್ಣುಮುಚ್ಚಿ ನಡೆಸುತ್ತಿತ್ತು. 1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು ಬರೆದ 'ಬ್ರೇನ್' ವೈರಸ್ ಹರಡಿದ್ದು ಇದೇ ದಾರಿಯಲ್ಲಿ.

ಫ್ಲಾಪಿ ಹಿಡಿಸುತ್ತಿದ್ದದ್ದು 1.44 ಎಂಬಿ. ಇವತ್ತು ವಾಟ್ಸ್‌ಆ್ಯಪ್‌ನಲ್ಲಿ ಬರುವ ಒಂದು ಮದುವೆ ವಿಡಿಯೋಗೂ ಸಾಲದು. 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸೇರಿ ಸಿಡಿಯಿಂದ ಬೂಟ್ ಮಾಡುವ ನಿಯಮ ಬರೆದವು. ಅದರ ಹೆಸರು ಎಲ್ ಟೊರಿಟೊ, ಇಂಜಿನಿಯರುಗಳು ಕೂತು ಮಾತಾಡಿದ ಹೋಟೆಲಿನ ಹೆಸರಂತೆ! ಐದು ವರ್ಷದ ನಂತರ ಜರ್ಮನಿಯ ಕ್ಲಾಸ್ ನಾಪ್ಪರ್ ಅವರು ನಾಪ್ಪಿಕ್ಸ್ ತಂದರು. ಹಾರ್ಡ್ ಡಿಸ್ಕ್ ಮುಟ್ಟದೆ ಇಡೀ ಲಿನಕ್ಸ್ ಸಿಡಿಯಿಂದಲೇ ಓಡುತ್ತಿತ್ತು. ನಮ್ಮ ಫೋಟೊ ಉಳಿಸಬಹುದಾಗಿದ್ದ ಉಪಾಯ ಇದೇ. ಉಬುಂಟುವಿನವರಂತೂ 2011ರವರೆಗೆ, ಕೇಳಿದವರ ಮನೆಗೆ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು.

ಯುಎಸ್‌ಬಿ ಬಂದದ್ದು 1996ರಲ್ಲಿ. ಅದನ್ನು ರೂಪಿಸಿದ ಇಂಟೆಲ್ ತಂಡದಲ್ಲಿ ಮುಖ್ಯರಾಗಿದ್ದ ಅಜಯ್ ಭಟ್ ಬರೋಡಾದಲ್ಲಿ ಓದಿದವರು. 2000ದಲ್ಲಿ ಐಬಿಎಂ ಮಾರಿದ ಪೆನ್‌ಡ್ರೈವ್ 8 ಎಂಬಿಯದ್ದು. ಆದರೆ ಹಳೆಯ ಬಯೋಸ್‌ಗಳಿಗೆ ಯುಎಸ್‌ಬಿಯಿಂದ ಏಳುವುದು ಗೊತ್ತಿರಲಿಲ್ಲ. ಅದನ್ನು ಕಲಿತ ಯಂತ್ರಗಳು ಮನೆ ಮನೆಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. 2009ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 7 ಅನ್ನು ಪೆನ್‌ಡ್ರೈವ್‌ಗೆ ಹಾಕುವ ಟೂಲ್ ಬಿಟ್ಟಿತು. ಅದರೊಳಗೆ ಮುಕ್ತ ತಂತ್ರಾಂಶದ ಕೋಡ್ ಸೇರಿಕೊಂಡಿದ್ದು ಸಿಕ್ಕಿಬಿದ್ದು, ಕಂಪನಿ ಅದನ್ನು ಹಿಂಪಡೆದು, ಕೋಡ್ ಸಮೇತ ಮತ್ತೆ ಬಿಡಬೇಕಾಯಿತು. ಇಂದು ಹೆಚ್ಚಿನವರು ಬಳಸುವ ರೂಫಸ್ 2011ರದ್ದು, ಪುಕ್ಕಟೆ.

2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂತು. ಸಹಿ ಇಲ್ಲದ ಪ್ರೋಗ್ರಾಂನಿಂದ ಯಂತ್ರ ಏಳುವುದಿಲ್ಲ. ಬ್ರೇನ್‌ನಂಥ ವೈರಸ್ಸಿಗೆ ಇದು ಬೀಗ, ಸರಿ. ಆದರೆ ಲಿನಕ್ಸ್‌ನವರೂ ಮೈಕ್ರೋಸಾಫ್ಟ್ ಹತ್ತಿರವೇ ಸಹಿ ಹಾಕಿಸಿಕೊಳ್ಳುವಂತಾಯಿತು. ನಮ್ಮ ಮನೆಯ ಕಂಪ್ಯೂಟರಿನ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ ಇರುವುದು ನಮಗೇನೋ ಸರಿ ಕಾಣುವುದಿಲ್ಲ.

ಇದೆಲ್ಲ ಈಗ ಯಾಕೆಂದರೆ, 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಹಳೆಯ ಎಷ್ಟೋ ಯಂತ್ರಗಳಲ್ಲಿ ಅದಿಲ್ಲ. ಅಂಥದ್ದನ್ನು ಗುಜರಿಗೆ ಹಾಕುವ ಮುಂಚೆ ಲಿನಕ್ಸ್ ಪೆನ್‌ಡ್ರೈವ್ ಹಾಕಿ ನೋಡಿ. ಪೆನ್‌ಡ್ರೈವ್ ತಯಾರಿಸುವಾಗ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ತೆಗೆದುಕೊಳ್ಳಿ. ಆನ್ ಮಾಡಿದ ಕೂಡಲೇ ಎಫ್12 ಒತ್ತಿದರೆ ಹಲವು ಯಂತ್ರಗಳಲ್ಲಿ ಬೂಟ್ ಪಟ್ಟಿ ಬರುತ್ತದೆ, ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್. ಇನ್‌ಸ್ಟಾಲ್ ಒತ್ತಬೇಡಿ, ಮೊದಲು 'ಟ್ರೈ' ಆಯ್ಕೆ ಮಾಡಿ. ಹಾರ್ಡ್ ಡಿಸ್ಕ್ ಕೆಟ್ಟಿರದಿದ್ದರೆ, ಅದಕ್ಕೆ ಪಾಸ್‌ವರ್ಡ್ ಬೀಗ ಇಲ್ಲದಿದ್ದರೆ, ಫೈಲುಗಳು ಕಾಣುತ್ತವೆ. ಇನ್ನೊಂದು ಡ್ರೈವ್‌ಗೆ ನಕಲು ಮಾಡಿಕೊಳ್ಳಿ.

ನಮ್ಮ ಆ ಹಳೇ ಯಂತ್ರ ಈಗ ಲಿನಕ್ಸ್‌ನಲ್ಲೇ ಓಡುತ್ತಿದೆ. ಕಗಪ ಕೀಲಿಮಣೆ ಅದರಲ್ಲೇ ಇತ್ತು, ಈ ಬರಹ ಟೈಪ್ ಮಾಡಿದ್ದೂ ಅದರಲ್ಲೇ.