ಸುಸ್ತಿ ಸಾಲ ಮತ್ತು ಸರಕಾರದ ಗುಟ್ಟು: ಅಮೆರಿಕದ ಭದ್ರತಾ ಅನುಮತಿ ನಿಯಮಗಳ ಒಂದು ಪರಿಶೀಲನೆ

ಅಮೆರಿಕ ಸರಕಾರದ ಗೋಪ್ಯ ಕಡತಗಳನ್ನು ನೋಡಬೇಕಾದ ನೌಕರ, ಸೈನಿಕ ಅಥವಾ ಗುತ್ತಿಗೆ ಕಂಪನಿಯ ಎಂಜಿನಿಯರ್ ಮೊದಲು ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಭದ್ರತಾ ಅನುಮತಿ, ಪಡೆಯಬೇಕು. ಅದಕ್ಕೆ ತುಂಬಬೇಕಾದ ಎಸ್‌ಎಫ್-86 ನಮೂನೆಯ 26ನೆಯ ವಿಭಾಗ ಹಣಕಾಸಿಗೆ ಮೀಸಲು. ಕಳೆದ ಏಳು ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನ ಮೀರಿ ಬಾಕಿ ಉಳಿದಿತ್ತೇ, ತೆರಿಗೆ ಕಟ್ಟುವುದು ತಪ್ಪಿತ್ತೇ, ದಿವಾಳಿ ಅರ್ಜಿ ಹಾಕಿದ್ದುಂಟೇ, ಸಾಲ ವಸೂಲಿ ಏಜೆನ್ಸಿಯ ಕೈಗೆ ಹೋಯಿತೇ ಎಂದು ಅದು ಒಂದೊಂದಾಗಿ ಕೇಳುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಗೂ ದೇಶದ ರಕ್ಷಣೆಗೂ ಏನು ಸಂಬಂಧ? ನಿಯಮಗಳಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಸಾಲಗಾರ ಹಣಕ್ಕಾಗಿ ಗುಟ್ಟು ಮಾರಬಹುದು ಎಂಬುದು ಒಂದು. ಸಾಲ ತೀರಿಸದವನು ಬೇರೆ ಕಟ್ಟಳೆಗಳನ್ನೂ ಪಾಲಿಸಲಿಕ್ಕಿಲ್ಲ ಎಂಬುದು ಇನ್ನೊಂದು. ನಿಯಮದ ಸಮರ್ಥನೆಗೆ ಜನ ಮೊದಲ ಉತ್ತರವನ್ನು ಮುಂದಿಡುತ್ತಾರೆ. ತೀರ್ಪುಗಳು ಮಾತ್ರ ಎರಡನೆಯದರ ಮೇಲೆ ನಿಂತಿವೆ ಎಂಬುದು ಈ ಲೇಖನದ ವಾದ.

ಮೊದಲ ಉತ್ತರಕ್ಕೆ ಇತಿಹಾಸದ ಬಲವಿದೆ. ನೌಕಾಪಡೆಯ ಜಾನ್ ವಾಕರ್ ದಕ್ಷಿಣ ಕೆರೊಲಿನಾದಲ್ಲಿ ನಡೆಸುತ್ತಿದ್ದ ಬಾರ್ ನಷ್ಟಕ್ಕೆ ಬಿದ್ದ ಮೇಲೆ, 1960ರ ದಶಕದ ಕೊನೆಯಲ್ಲಿ, ಸಂಕೇತಲಿಪಿಯ ಕೀಲಿಗಳನ್ನು ಸೋವಿಯತ್ ಒಕ್ಕೂಟಕ್ಕೆ ಮಾರತೊಡಗಿದ, ಸಿಕ್ಕಿಬಿದ್ದದ್ದು 1985ರಲ್ಲಿ. ರಾಷ್ಟ್ರೀಯ ಭದ್ರತಾ ಏಜೆನ್ಸಿಯ ರೊನಾಲ್ಡ್ ಪೆಲ್ಟನ್ 1979ರಲ್ಲಿ ದಿವಾಳಿಯಾಗಿ ಕೆಲಸ ಬಿಟ್ಟ. 1980ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದ. ಅವನು ಮಾರಿದ್ದು ತನ್ನ ನೆನಪಿನಲ್ಲಿ ಉಳಿದಿದ್ದ ಗುಟ್ಟುಗಳನ್ನು. ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್‌ಗೆ ವಿಚ್ಛೇದನದ ಖರ್ಚೂ ಸಾಲವೂ ಸೇರಿ ಕುತ್ತಿಗೆಗೆ ಬಂದಿದ್ದವು. 1985ರ ಏಪ್ರಿಲ್‌ನಲ್ಲಿ ಅವನು 50,000 ಡಾಲರ್‌ಗೆ ಮೊದಲ ವ್ಯವಹಾರ ಕುದುರಿಸಿದ.

ಆದರೆ ಏಮ್ಸ್ ಪ್ರಕರಣವನ್ನು ಸಾಲದ ಕಥೆಯಾಗಿ ಮಾತ್ರ ಓದಿದರೆ ಅರ್ಧ ಓದಿದಂತೆ. 1994ರ ಫೆಬ್ರವರಿಯಲ್ಲಿ ಬಂಧನವಾಗುವ ಹೊತ್ತಿಗೆ ಅವನ ಸಾಲದ ಕಷ್ಟ ಎಂದೋ ಕಳೆದಿತ್ತು. 5,40,000 ಡಾಲರ್ ಬೆಲೆಯ ಮನೆಯನ್ನು ಅವನು ಸಾಲವಿಲ್ಲದೆ ಕೊಂಡಿದ್ದ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬರುತ್ತಿದ್ದ. ಸಂಬಳಕ್ಕೆ ಮೀರಿದ ಈ ಸಿರಿಯನ್ನು ವರ್ಷಗಟ್ಟಲೆ ಯಾರೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲ. ಗುಟ್ಟು ಮಾರಿದವನ ಸಾಲ ಬೇಗ ತೀರುತ್ತದೆ, ಕ್ರೆಡಿಟ್ ವರದಿ ಅಚ್ಚುಕಟ್ಟಾಗುತ್ತದೆ. ಹೀಗಾಗಿ ಬಾಕಿಯ ಪಟ್ಟಿ ನೋಡಿ ಬೇಹುಗಾರನನ್ನು ಹಿಡಿಯುವೆವೆಂಬ ನಂಬಿಕೆ ದುರ್ಬಲವಾದದ್ದು. ಸಾಲದಲ್ಲಿರುವ ಲಕ್ಷಾಂತರ ನೌಕರರಲ್ಲಿ ದೇಶದ್ರೋಹಕ್ಕೆ ಇಳಿದವರು ಬೆರಳೆಣಿಕೆಯವರು.

ಈಗ ಜಾರಿಯಲ್ಲಿರುವ ನಿಯಮವನ್ನೇ ನೋಡೋಣ. 2017ರ ಜೂನ್ 8ರಿಂದ ಜಾರಿಗೆ ಬಂದ ಭದ್ರತಾ ನಿರ್ದೇಶನ 4ರಲ್ಲಿ ಹದಿಮೂರು ಮಾರ್ಗಸೂಚಿಗಳಿವೆ; ಹಣಕಾಸಿನದು ಮಾರ್ಗಸೂಚಿ ಎಫ್. ಆದಾಯದ ಮಿತಿಯಲ್ಲಿ ಬದುಕದಿರುವುದು, ಸಾಲ ತೀರಿಸದಿರುವುದು ಸಂಯಮದ ಕೊರತೆಯನ್ನೋ ವಿವೇಚನೆಯ ಕೊರತೆಯನ್ನೋ ಕಟ್ಟಳೆ ಪಾಲಿಸುವ ಮನಸ್ಸಿಲ್ಲದಿರುವುದನ್ನೋ ತೋರಿಸಬಹುದು ಎಂಬಲ್ಲಿಂದ ಅದು ಶುರುವಾಗುತ್ತದೆ. ಹಣಕ್ಕಾಗಿ ಅಕ್ರಮಕ್ಕಿಳಿಯುವ ಅಪಾಯದ ಮಾತು ಅದರ ನಂತರ ಬರುತ್ತದೆ. ಇಷ್ಟು ಡಾಲರ್ ಮೀರಿದರೆ ಅನುಮತಿ ಇಲ್ಲ ಎಂಬ ಗೆರೆ ಅದರಲ್ಲಿ ಎಲ್ಲಿಯೂ ಇಲ್ಲ. ತೀರಿಸಲಾಗದವನನ್ನೂ, ಕೈಯಲ್ಲಿ ಹಣವಿದ್ದೂ ತೀರಿಸದವನನ್ನೂ ಅದು ಬೇರೆ ಬೇರೆಯಾಗಿ ಹೆಸರಿಸುತ್ತದೆ.

ಗುತ್ತಿಗೆ ಕಂಪನಿಗಳ ನೌಕರರ ವಿವಾದಿತ ಅರ್ಜಿಗಳು ರಕ್ಷಣಾ ಇಲಾಖೆಯ ವಿಚಾರಣೆ ಮತ್ತು ಮೇಲ್ಮನವಿ ಕಚೇರಿಗೆ ಹೋಗುತ್ತವೆ. ಸರಕಾರ ಆಕ್ಷೇಪಣೆಗಳ ಕಾರಣಪತ್ರ ಕೊಡುತ್ತದೆ. ಅರ್ಜಿದಾರ ಅಲ್ಲಗಳೆದ ಸಾಲವನ್ನು ಸಾಬೀತುಪಡಿಸುವ ಹೊಣೆ ಸರಕಾರದ್ದು. ಆ ಸಾಲದಿಂದ ಆತಂಕವಿಲ್ಲ ಎಂದು ಮನವರಿಕೆ ಮಾಡುವ ಹೊಣೆ ಅರ್ಜಿದಾರನದು. ಅನುಮತಿ ಯಾರ ಹಕ್ಕೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1988ರ ನೌಕಾ ಇಲಾಖೆ ವಿರುದ್ಧ ಈಗನ್ ಪ್ರಕರಣದಲ್ಲಿ ಹೇಳಿದ ಮೇಲೆ, ಸಂಶಯ ಉಳಿದರೆ ಅದರ ಲಾಭ ದೇಶದ ಭದ್ರತೆಗೇ ಸಲ್ಲುತ್ತದೆ.

ಇಲ್ಲಿನ ತೀರ್ಪುಗಳಲ್ಲಿ ನಡತೆಯ ಮಾನದಂಡ ನಿಚ್ಚಳವಾಗಿ ಕಾಣುವುದು ಕಾಲಮಿತಿ ಮೀರಿದ ಸಾಲಗಳ ವಿಷಯದಲ್ಲಿ. ಇಂತಿಷ್ಟು ವರ್ಷ ಕಳೆದರೆ ಸಾಲಕ್ಕಾಗಿ ದಾವೆ ಹೂಡುವಂತಿಲ್ಲ. ಸಾಮಾನ್ಯವಾಗಿ ಏಳು ವರ್ಷ ದಾಟಿದ ಬಾಕಿ ಕ್ರೆಡಿಟ್ ವರದಿಯಿಂದಲೂ ಅಳಿಸಿಹೋಗುತ್ತದೆ. ಇವೆರಡನ್ನೂ ನಂಬಿ ಸುಮ್ಮನೆ ಕೂತವನು ಸಾಲ ತೀರಿಸಲು ಪ್ರಾಮಾಣಿಕವಾಗಿ ಯತ್ನಿಸಿದಂತಾಗಲಿಲ್ಲ ಎಂದು ಮೇಲ್ಮನವಿ ಮಂಡಳಿ ಮತ್ತೆ ಮತ್ತೆ ಹೇಳಿದೆ. ಕಾರಣಪತ್ರ ಕೈಸೇರಿದ ಮೇಲೆ ಅವಸರದಲ್ಲಿ ಕಟ್ಟಿದ ಹಣಕ್ಕೂ ತೂಕ ಕಡಿಮೆ. ಕೋರ್ಟು ಬಿಟ್ಟ ಸಾಲವನ್ನು ಈ ವ್ಯವಸ್ಥೆ ಬಿಡುವುದಿಲ್ಲ. ಇದು ಕಠಿಣ, ಆದರೂ ನನಗೆ ಸರಿಯೆನಿಸುತ್ತದೆ. ಗೋಪ್ಯ ಕಡತದ ಜವಾಬ್ದಾರಿಯೂ ಯಾರೂ ನೋಡದಿದ್ದಾಗ ಪಾಲಿಸಬೇಕಾದದ್ದೇ.

ಇದೇ ವಿಚಾರಸರಣಿ ನಮ್ಮಲ್ಲಿಯೂ ಇದೆ. ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳು, 1964ರ 17ನೆಯ ನಿಯಮದಂತೆ ನೌಕರ ಚಾಳಿಬಿದ್ದ ಸಾಲಗಾರನಾಗದಂತೆ ತನ್ನ ವ್ಯವಹಾರ ನೋಡಿಕೊಳ್ಳಬೇಕು. ಸಾಲ ದುಂದುಗಾರಿಕೆಯಿಂದ ಬಂದದ್ದಲ್ಲ, ಕೈಮೀರಿದ ಪರಿಸ್ಥಿತಿಯಿಂದ ಬಂದದ್ದು ಎಂದು ತೋರಿಸುವ ಹೊಣೆ ಇಲ್ಲಿಯೂ ನೌಕರನದೇ.

ಕೈಮೀರಿದ ಪರಿಸ್ಥಿತಿ ಎಂಬಲ್ಲಿ ನನ್ನ ತಕರಾರಿದೆ. ಮಾರ್ಗಸೂಚಿ ಎಫ್ ಕೆಲಸ ಹೋದದ್ದು, ಅನಿರೀಕ್ಷಿತ ಕಾಯಿಲೆ, ಸಾವು, ವಿಚ್ಛೇದನಗಳನ್ನು ವಿನಾಯಿತಿಯ ಕಾರಣಗಳೆಂದು ಒಪ್ಪುತ್ತದೆ. 2017ರಲ್ಲಿ ಸುಲಿಗೆ ಸಾಲ ಮತ್ತು ಗುರುತಿನ ಕಳವು ಆ ಪಟ್ಟಿಗೆ ಸೇರಿದವು. ಸುಲಿಗೆ ಸಾಲದ ಹಿಂದೆ ಸೈನಿಕರ ಅನುಭವವಿದೆ. ನೆಲೆಗಳ ಗೇಟಿನಾಚೆ ಅಂಗಡಿ ತೆರೆದ ಸಂಬಳದ ಕೈಸಾಲದವರು ಮೂರಂಕಿಯ ವಾರ್ಷಿಕ ಬಡ್ಡಿ ಹಾಕುತ್ತಿದ್ದರು. ಆ ಬಲೆಗೆ ಬಿದ್ದ ಸೈನಿಕರು ಭದ್ರತಾ ಅನುಮತಿ ಕಳೆದುಕೊಂಡು ನಿಯೋಜನೆಗೆ ಅನರ್ಹರಾಗುತ್ತಿದ್ದರು. 2006ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸೈನಿಕರ ಇಂಥ ಸಾಲಗಳಿಗೆ ಶೇ. 36ರ ಬಡ್ಡಿಮಿತಿ ಹಾಕಿತು. ಸಾಲಗಾರನ ನಡತೆಯನ್ನು ತೂಗುವ ಸರಕಾರ ಸಾಲ ಕೊಟ್ಟವನನ್ನೂ ಕಟ್ಟಿಹಾಕಬೇಕೆಂದು ಒಪ್ಪಿದ ಅಪರೂಪದ ಸಂದರ್ಭ ಅದು.

ಆದರೆ ಆಸ್ಪತ್ರೆ ಬಿಲ್ಲಿನಿಂದ ಕುಸಿದ ಸಂಸಾರಕ್ಕೆ ಅಂಥ ರಕ್ಷಣೆ ಇಲ್ಲ. ಕಾರಣ ಕೈಮೀರಿದ್ದು ಎಂದರೆ ಸಾಲದು, ಆಮೇಲೆ ಹೊಣೆಯರಿತು ನಡೆದೆ ಎಂದೂ ದಾಖಲೆ ಸಮೇತ ತೋರಿಸಬೇಕು. ಕಾಯಿಲೆ ಬಿದ್ದ ಮನೆಯಲ್ಲಿ ವಸೂಲಿಯವರ ಪತ್ರಗಳನ್ನು ಜೋಡಿಸಿಡುವ ವ್ಯವಧಾನ ಯಾರಿಗಿರುತ್ತದೆ? ಅನುಮತಿ ಹೋದರೆ ಎಷ್ಟೋ ಸಲ ಕೆಲಸವೂ ಹೋಗುತ್ತದೆ, ಕಂತು ಕಟ್ಟುವ ದಾರಿ ಮುಚ್ಚುತ್ತದೆ. ಇದರಿಂದ ಭದ್ರತೆಗೂ ಲಾಭವಿಲ್ಲ. ಪೆಲ್ಟನ್ ಗುಟ್ಟು ಮಾರಿದ್ದು ಕೆಲಸ ಬಿಟ್ಟ ಮೇಲೆ.

ಹಿಂದೆ ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಮರುತನಿಖೆ ನಡೆಯುತ್ತಿತ್ತು. ಈಗಿನ ನಿರಂತರ ಪರಿಶೀಲನೆಯಲ್ಲಿ ಹೊಸ ಬಾಕಿಯ ಸುಳಿವು ಬೇಗ ಸಿಗುತ್ತದೆ. ಆ ಸುಳಿವು ಸಿಕ್ಕ ಕೂಡಲೇ ನೌಕರನನ್ನು ಸಾಲ ಸಲಹೆಗಾರರ ಬಳಿ ಕಳಿಸಿ ಕಂತಿನ ಒಪ್ಪಂದಕ್ಕೆ ಕಾಲಾವಕಾಶ ಕೊಡುವುದನ್ನು ಕಡ್ಡಾಯ ಮಾಡಬೇಕು. ಕಾರಣಪತ್ರ ಅದರ ನಂತರ ಬರಲಿ. ಬಚ್ಚಿಟ್ಟ ಸಾಲದ ಮಾತೇ ಬೇರೆ. ನಮೂನೆಯಲ್ಲಿ ಬೇಕೆಂದೇ ಸುಳ್ಳು ಬರೆದವನ ಮೇಲೆ ವೈಯಕ್ತಿಕ ನಡತೆಯ ಮಾರ್ಗಸೂಚಿ ಇ ಕೂಡ ಅನ್ವಯಿಸುತ್ತದೆ, ಅವನಿಗೆ ವಿನಾಯಿತಿ ಸಲ್ಲದು.

ಅಮೆರಿಕದ ಪೌರತ್ವ ಪಡೆದು ರಕ್ಷಣಾ ಗುತ್ತಿಗೆಯ ಕೆಲಸಕ್ಕೆ ಅರ್ಜಿ ಹಾಕುವ ಕನ್ನಡಿಗರಿಗೂ ಇವೇ ನಿಯಮ. ಅನುಮತಿ ನಿರಾಕರಣೆಯಾದ ಗುತ್ತಿಗೆ ನೌಕರ ಒಂದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಆಗ ಅವನ ಪರ ಹೆಚ್ಚು ತೂಗುವ ಸಾಕ್ಷ್ಯವೆಂದರೆ ತಪ್ಪದೆ ಕಟ್ಟಿದ ಕಂತುಗಳ ರಸೀದಿಗಳು.