ಟೇಲರ್ ಸಾಹೇಬನ ಕೊನೆಯ ಚಳಿಗಾಲ



ಬಳಿಚಕ್ರದ ಶಾಲೆಯಲ್ಲಿ ನನ್ನಲ್ಲಿ ಕಲಿತ ಒಬ್ಬ ಹುಡುಗ ಈಗ ಕೆನಡಾ ದೇಶದಲ್ಲಿ ನೆಲೆಸಿದ್ದಾನೆ. ಅವನ ತಲೆಗೂದಲೂ ಅರ್ಧ ಬೆಳ್ಳಗಾಗಿದೆ. ಆದರೂ ನನಗೆ ಅವನು ಹುಡುಗನೇ. ಪ್ರತಿ ವರ್ಷ ಡಿಸೆಂಬರ್ ತಿಂಗಳ ಕೊನೆಗೆ ಊರಿಗೆ ಬಂದು, ಎಳ್ಳಮಾವಾಸ್ಯೆ ಸಮೀಪದಲ್ಲಿದ್ದರೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ ಭಜ್ಜಿ ಉಂಡು, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆ ಮುಗಿಸಿಕೊಂಡು ಹೊರಡುತ್ತಾನೆ. ಹೋದ ಸಲ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾಗ ಹೇಳಿದ: “ಸರ್, ಅಲ್ಲಿ ನಮ್ಮ ಬಾಜೂ ಮನಿ ಮುದುಕ ಮುದುಕಿ ಪ್ರತಿ ಚಳಿಗಾಲ ಕೆರಿಬಿಯನ್ ಸಮುದ್ರದ ದಂಡಿಗಿರೋ ಒಂದು ಊರಿಗೆ ಹೋಗ್ತಾರ್ರಿ. ಇಪ್ಪತ್ತು ವರ್ಷ ಆತು, ಅದೇ ಊರು, ಅದೇ ಹೋಟೆಲು. ಆ ಊರಂದ್ರ ಜೀವ ಬಿಡ್ತಾರ. ನನಗ ನಮ್ಮ ಬಳಿಚಕ್ರನೇ ಕೆರಿಬಿಯನ್ ನೋಡ್ರಿ.”

ಒಳಗೆ ತೊಗರಿ ಹಸನು ಮಾಡುತ್ತಿದ್ದ ಅವನ ತಾಯಿ ಮೊರವನ್ನು ಕೆಳಗಿಡದೆಯೇ ನನ್ನನ್ನುದ್ದೇಶಿಸಿ ಹೇಳಿದರು: “ಚಳ್ಯಾಗ ಬಂದು ಊರು ಚಲೋ ಅದ ಅಂದ್ರ ಏನ್ ಬಂತ್ರಿ ಮಾಸ್ತರ? ಬ್ಯಾಸಗ್ಯಾಗ ಬಂದು ನೋಡು ಅನ್ರಿ.”

ಅವನು ನಕ್ಕ. ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಸೀಮೆಯಲ್ಲಿ ಡಿಸೆಂಬರ್, ಜನವರಿ ಎಂದರೆ ಬಿಳಿಜೋಳ ತೆನೆಗಟ್ಟುವ ಕಾಲ, ತೊಗರಿಯ ಕಣಗಳು ತುಂಬುವ ಕಾಲ, ಬೆಳಗಿನ ಚಳಿಗೆ ಕೌದಿ ಹೊದ್ದು ಬೆಂಕಿ ಕಾಯಿಸುವ ಕಾಲ. ಯಾರು ಬಂದರೂ ಮೆಚ್ಚಲೇಬೇಕು. ಮೇ ತಿಂಗಳಲ್ಲಿ ನಲವತ್ತೆರಡು ಡಿಗ್ರಿಯ ಬಿಸಿಲಿಗೆ ಕಲ್ಲುಗುಡ್ಡಗಳು ಕಾದು, ರಾತ್ರಿ ಹನ್ನೆರಡಾದರೂ ಮಾಳಿಗೆ ತಣ್ಣಗಾಗದ ಊರು ಬೇರೆಯೇ. ಹೊರಗಿನಿಂದ ಬಂದವನ ಪ್ರೀತಿಯನ್ನು ಅಳೆಯುವುದಾದರೆ ಯಾವ ಋತುವಿನಲ್ಲಿ ಅಳೆಯಬೇಕು? ಇದನ್ನು ಯೋಚಿಸುತ್ತ ನನಗೆ ನೆನಪಾದವನು ಸುರಪುರದ ಟೇಲರ್ ಸಾಹೇಬ.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಜನಿಸಿದವನು. 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸ ಮಾಡಲೆಂದು ಹಡಗೇರಿ ಬಂದನು. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಬಂಧುಗಳ ಪ್ರಯತ್ನದಿಂದ ನಿಜಾಮನ ಸೈನ್ಯದಲ್ಲಿ ನೌಕರಿ ದೊರೆಯಿತು. ಅವನು ಕಂಪನಿ ಸರಕಾರದ ನೌಕರನಲ್ಲ, ನಿಜಾಮನ ನೌಕರ ಎಂಬುದನ್ನು ಗಮನಿಸಬೇಕು. ಮುಂದೆ ಬಡ್ತಿಯ ವಿಷಯದಲ್ಲಿ ಇದು ಅವನನ್ನು ಬಹುಕಾಲ ಕಾಡಿತು. ಹಿಂದೂಸ್ತಾನಿ, ಮರಾಠಿ ಕಲಿತನು. ಭೂಮಾಪನ, ಕಾನೂನು, ಕಟ್ಟಡ ವಿದ್ಯೆಗಳನ್ನು ತಾನಾಗಿಯೇ ಓದಿ ತಿಳಿದನು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು. 1839ರಲ್ಲಿ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ಪ್ರಕಟವಾದ ಅವನ ‘ಒಬ್ಬ ಠಗ್ಗನ ತಪ್ಪೊಪ್ಪಿಗೆಗಳು’ ಎಂಬ ಕಾದಂಬರಿ ಅವನಿಗೆ ಅಪಾರ ಹೆಸರು ತಂದುಕೊಟ್ಟಿತು. ವಿಕ್ಟೋರಿಯಾ ರಾಣಿಯು ಅದು ಅಚ್ಚಾಗುತ್ತಿದ್ದಂತೆಯೇ ಪುಟಗಳನ್ನು ತರಿಸಿ ಓದಿದಳೆಂದು ಪ್ರಸಿದ್ಧಿ.

ಲಂಡನ್ನಿನ ಗಣ್ಯರ ನಡುವೆ ಇರಬಹುದಾಗಿದ್ದ ಮನುಷ್ಯ ಮರಳಿ ಬಂದು ಸೇರಿದ್ದು ನಮ್ಮ ಸುರಪುರಕ್ಕೆ.

1841ರಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ನಾಯಕರು ಏಳೆಂಟು ವರ್ಷದ ಬಾಲಕ. ರಾಣಿ ಈಶ್ವರಮ್ಮನವರ ಪಕ್ಷವೊಂದು, ದೊರೆಯ ಸಹೋದರ ಪಿಡ್ಡನಾಯಕರ ಪಕ್ಷವೊಂದು. ನಿಜಾಮನಿಗೆ ಸಲ್ಲಬೇಕಾದ ಬಾಕಿ ಬೆಟ್ಟದಷ್ಟಿತ್ತು. ಸುತ್ತಲೂ ಶಸ್ತ್ರಸಜ್ಜಿತ ಬೇಡರ ಪಡೆ. ಇವರ ಪೂರ್ವಿಕರು ಸಾಮಾನ್ಯರಲ್ಲ. 1705ರಲ್ಲಿ ಎಂಬತ್ತರ ಹರೆಯ ಮೀರಿದ ಔರಂಗಜೇಬನು ಸ್ವತಃ ಬಂದು ವಾಗಣಗೇರಿಯ ಕೋಟೆಗೆ ಮುತ್ತಿಗೆ ಹಾಕಿದ್ದು ಇವರ ಮೇಲೆಯೇ. ಅದೇ ಆತನ ಕೊನೆಯ ದಂಡಯಾತ್ರೆ. ಕೋಟೆ ಸಿಕ್ಕಿತು, ನಾಯಕರು ಸಿಕ್ಕಲಿಲ್ಲ. ಬಾದಶಹನು ಸಮೀಪದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು, ಅಲ್ಲಿಯೇ ಕಾಯಿಲೆ ಬಿದ್ದು, ಬಳಿಕ ಉತ್ತರಕ್ಕೆ ತಿರುಗಿದನು. ನಮ್ಮ ಸೀಮೆಯ ಬೇಸಿಗೆಯನ್ನು ಉಂಡ ಪರದೇಶಿಗಳಲ್ಲಿ ಆತನದೂ ಒಂದು ಹೆಸರು ಎನ್ನಬಹುದು!

ಇಂತಹ ಸಂಸ್ಥಾನಕ್ಕೆ ಮೊದಲು ಗ್ರೆಸ್ಲಿ ಎಂಬ ಅಧಿಕಾರಿಯ ಕೈಕೆಳಗೆ ಬಂದ ಟೇಲರನು ಬೇಗನೆ ತಾನೇ ಪೊಲಿಟಿಕಲ್ ಏಜೆಂಟನಾಗಿ 1853ರವರೆಗೆ ಉಳಿದನು. ಹತ್ತಕ್ಕೂ ಮಿಕ್ಕಿದ ಬೇಸಿಗೆಗಳು. ಭೂಮಿಯನ್ನು ಅಳೆಯಿಸಿದನು, ಸಾಲ ತೀರಿಸಿದನು, ಹಿಂದಿನ ನಾಯಕರು ಕಟ್ಟಿಸಿದ್ದ ಬೋನಾಳದ ಕೆರೆಯನ್ನು ಸುಧಾರಿಸಿದನು. ಇಂದು ಬೋನಾಳವು ಪಕ್ಷಿಧಾಮವೆಂದು ಹೆಸರಾಗಿದೆ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿಗೆ ಬರುತ್ತವೆ. ಗುಡ್ಡದ ಮೇಲೆ ತನಗಾಗಿ ಕಟ್ಟಿಸಿಕೊಂಡ ಬಂಗಲೆ ‘ಟೇಲರ್ ಮಂಜಿಲ್’ ಎಂದು ಈಗಲೂ ನಿಂತಿದೆ. ಸುರಪುರದಲ್ಲಿದ್ದ ಆ ವರ್ಷಗಳಲ್ಲಿಯೇ ಹೆಂಡತಿ ತೀರಿಕೊಂಡಳು. ಆತ ಮತ್ತೆ ಮದುವೆಯಾಗಲಿಲ್ಲ.

ಇನ್ನೊಂದು ಕೆಲಸಕ್ಕಾಗಿ ಇತಿಹಾಸದ ಮೇಷ್ಟ್ರಾದ ನಾನು ಆತನಿಗೆ ಋಣಿ. ಶಹಾಪುರದ ಸಮೀಪ ವಿಭೂತಿಹಳ್ಳಿಯಲ್ಲಿ ಹೊಲದ ತುಂಬ ಸಾಲುಸಾಲಾಗಿ ಇರಿಸಿದ ಬಂಡೆಗಳಿವೆ. ರಾಜನಕೋಳೂರಿನಲ್ಲಿ ಕಲ್ಲುಚಪ್ಪಡಿಗಳಿಂದ ಕಟ್ಟಿದ ಮನೆಯಂತಹ ಗೋರಿಗಳಿವೆ. ನಮ್ಮವರು ಇವುಗಳನ್ನು ಕಂಡೂ ಕಾಣದಂತೆ ನೇಗಿಲು ಹೊಡೆಯುತ್ತಿದ್ದರು. ಟೇಲರನು ಅಗೆಸಿ, ಅಳೆದು, ಚಿತ್ರ ಬರೆದು, ಇವು ಬಹು ಪ್ರಾಚೀನ ಜನರ ಸಮಾಧಿಗಳೆಂದೂ, ಬ್ರಿಟನ್ನಿನ ಮತ್ತು ಐರ್ಲೆಂಡಿನ ಹಳೆಯ ಕಲ್ಲುಗೋರಿಗಳನ್ನು ಹೋಲುತ್ತವೆಂದೂ 1850ರ ದಶಕದಲ್ಲಿಯೇ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದನು. ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಹೆಸರು ಮೊದಲ ಪುಟಗಳಲ್ಲಿಯೇ ಬರುವುದಕ್ಕೆ ಆತ ಕಾರಣ. ವಿಭೂತಿಹಳ್ಳಿಗೆ ನಾನು ನಿಮ್ಮಲ್ಲಿ ಕೆಲವರನ್ನು ಕರೆದುಕೊಂಡು ಹೋದದ್ದು ನೆನಪಿರಬಹುದು. ಬಂಡೆಗಳನ್ನು ಎಣಿಸಿ ಬನ್ನಿರೆಂದರೆ ಒಬ್ಬೊಬ್ಬರೂ ಒಂದೊಂದು ಲೆಕ್ಕ ತಂದಿರಿ.

ಇಷ್ಟಕ್ಕೇ ನಿಲ್ಲಿಸಿದರೆ ಇದೊಂದು ಸ್ತುತಿಯಾಗುತ್ತದೆ. ಮುಂದಿನದನ್ನು ಹೇಳಲೇಬೇಕು.

ಬಾಲಕ ವೆಂಕಟಪ್ಪ ನಾಯಕರು ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದರು. 1853ರಲ್ಲಿ ಪ್ರಾಪ್ತವಯಸ್ಕರಾದ ದೊರೆಗೆ ಸಂಸ್ಥಾನವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ವರ್ಗವಾಗಿ ಹೋದನು. 1857ರ ಬಂಡಾಯ ದಕ್ಷಿಣಕ್ಕೂ ಹಬ್ಬಿದಾಗ ಸುರಪುರ ಎದ್ದಿತು. 1858ರ ಫೆಬ್ರುವರಿಯ ಕಾಳಗದಲ್ಲಿ ನ್ಯೂಬೆರಿ ಎಂಬ ಕ್ಯಾಪ್ಟನ್ ಮಡಿದನು. ಆದರೆ ಬ್ರಿಟಿಷ್ ಪಡೆಗಳು ಎರಡೂ ಕಡೆಯಿಂದ ಬಂದುದರಿಂದ ನಿಲ್ಲಲಾಗಲಿಲ್ಲ. ಹೈದರಾಬಾದಿಗೆ ಹೋದ ದೊರೆಯನ್ನು ದಿವಾನ ಸಾಲಾರ್ ಜಂಗನು ಹಿಡಿಸಿ ರೆಸಿಡೆಂಟನಿಗೆ ಒಪ್ಪಿಸಿದನು.

ಆಗ ಸೆರೆಮನೆಗೆ ಕಳುಹಿಸಲ್ಪಟ್ಟವನು ಟೇಲರ್. ದೊರೆಯನ್ನು ಬಂಡಾಯಕ್ಕೆ ಪ್ರೇರೇಪಿಸಿದವರ ಹೆಸರು ಬೇಕಾಗಿತ್ತು. ಬೇರೆ ಯಾರಿಗೂ ಹೇಳದವರು ‘ಅಪ್ಪ’ನಿಗೆ ಹೇಳಿಯಾರು ಎಂಬುದು ಲೆಕ್ಕಾಚಾರ. ಟೇಲರನ ಆತ್ಮಕಥೆಯಲ್ಲಿ ಈ ಪ್ರಸಂಗ ಬರುತ್ತದೆ. ದೊರೆ ಓಡಿಬಂದು ಅವನನ್ನು ತಬ್ಬಿಕೊಂಡರು, ಅತ್ತರು. ಆದರೆ ಹೆಸರು ಹೇಳಲಿಲ್ಲ. ತನ್ನನ್ನು ಕಳ್ಳನಂತೆ ನೇಣುಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂಬುದು ಅವರ ಕೋರಿಕೆಯಾಗಿತ್ತು. ಆ ಪುಟಗಳನ್ನು ನಾನು ಕಲಬುರಗಿಯ ಗ್ರಂಥಾಲಯವೊಂದರಲ್ಲಿ ಮೊದಲು ಓದಿದ ದಿನ ಊಟ ರುಚಿಸಲಿಲ್ಲ. ಟೇಲರನ ಪ್ರೀತಿ ನಟನೆಯೆಂದು ನನಗೆ ಅನಿಸುವುದಿಲ್ಲ. ನಟನೆಯಾಗಿದ್ದರೆ ಕತೆ ಸುಲಭವಿತ್ತು. ನಿಜವಾದ ಪ್ರೀತಿಯನ್ನೇ ಸರಕಾರವು ಬೀಗದ ಕೈಯಂತೆ ಬಳಸಿತು, ಆತನೂ ಬಳಸಗೊಟ್ಟನು. ಬೀಗ ತೆರೆಯಲಿಲ್ಲ. ದೊರೆಯ ಆ ಮೌನದ ವಿವರ ನಮಗೆ ಉಳಿದಿರುವುದು ಕೇಳಲು ಹೋದವನ ಲೇಖನಿಯಿಂದಲೇ ಎಂಬುದು ಇತಿಹಾಸದ ವಿಚಿತ್ರ. ಮುಂದೆ ಸ್ವಾತಂತ್ರ್ಯ ಹೋರಾಟದ ಕಥೆ ಬರೆದವರೂ ಇದೇ ಪುಟಗಳನ್ನು ಆಧರಿಸಿ ಸುರಪುರದ ವೀರನನ್ನು ಕೊಂಡಾಡಿದರು.

ಮರಣದಂಡನೆಯು ಮೊದಲು ಗಡೀಪಾರಿಗೆ, ಬಳಿಕ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸಕ್ಕೆ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, 1858ರ ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ದೊರೆ ಬಲಿಯಾದರು. ತಾವೇ ಹಾರಿಸಿಕೊಂಡರೆಂದು ಟೇಲರ್ ಬರೆಯುತ್ತಾನೆ. ಅವರಿಗೆ ಆಗ ಇಪ್ಪತ್ತನಾಲ್ಕನೆಯ ವರ್ಷ. ಆ ವಯಸ್ಸನ್ನು ದಾಟರೆಂದು ಜಾತಕ ನುಡಿದಿತ್ತೆಂಬ ಕತೆಯನ್ನೂ ಟೇಲರನು ವಿವರವಾಗಿ ಬರೆದಿದ್ದಾನೆ. ಜಾತಕದ ಮೇಲೆ ಭಾರ ಹಾಕಿದರೆ ಬರೆಯುವವನ ಎದೆಯೂ ಸ್ವಲ್ಪ ಹಗುರಾಗುತ್ತದೆ ಎಂಬುದು ನನ್ನ ಅನಿಸಿಕೆ. ನಿಮ್ಮ ಅಭಿಪ್ರಾಯ ಬೇರೆ ಇರಬಹುದು.

ಅದೇ ವರ್ಷ ಟೇಲರನು ಕಮಿಷನರನಾಗಿ ಸುರಪುರಕ್ಕೆ ಮತ್ತೆ ಬಂದನು. ಗುಡ್ಡದ ಮೇಲಿನ ಮನೆ ಅಲ್ಲಿಯೇ ಇತ್ತು. ಅಪ್ಪಾ ಎನ್ನುವವರು ಇರಲಿಲ್ಲ. ಎರಡು ವರ್ಷದಲ್ಲಿ ಆರೋಗ್ಯ ಕೆಟ್ಟು 1860ರಲ್ಲಿ ಸ್ವದೇಶಕ್ಕೆ ಹೊರಟನು. ಅದೇ ವರ್ಷದ ಒಪ್ಪಂದದಂತೆ ಬ್ರಿಟಿಷರು ಸುರಪುರವನ್ನು, ಬಂಡಾಯ ಕಾಲದ ನಿಷ್ಠೆಗೆ ಬಹುಮಾನವಾಗಿ, ನಿಜಾಮನಿಗೆ ಕೊಟ್ಟುಬಿಟ್ಟರು. ಟೇಲರ್ ಹನ್ನೆರಡು ವರ್ಷ ಬೆಳೆಸಿದ ಸಂಸ್ಥಾನ ಹೀಗೆ ಲೆಕ್ಕಪುಸ್ತಕದ ಒಂದು ಬಾಬತ್ತಾಯಿತು.

ಒಮ್ಮೆ ನಾನು ಮಕ್ಕಳನ್ನು ಟೇಲರ್ ಮಂಜಿಲ್ ತೋರಿಸಲು ಒಯ್ದಿದ್ದೆ. ಕತೆ ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು: “ಸರ್, ಅಪ್ಪಾ ಅಂತ ತಬ್ಕೊಂಡವ್ರನ್ನ ಜೇಲಿನ್ಯಾಗ ಬಿಟ್ಟು ಆ ಸಾಹೇಬ ಹ್ಯಾಂಗ ಹೊಳ್ಳಿ ಬಂದ್ರಿ?” ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ. ಹೊತ್ತಾಯಿತು, ಬಸ್ಸು ಹತ್ತಿರಿ ಎಂದು ತಪ್ಪಿಸಿಕೊಂಡೆ. ಆ ಹುಡುಗಿ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.

ಐರ್ಲೆಂಡಿನ ಡಬ್ಲಿನ್ ಬಳಿ ನೆಲೆಸಿದ ಟೇಲರನು ತುಳಜಾಪುರದ ಸುತ್ತ ನಡೆಯುವ ‘ತಾರಾ’ ಮೊದಲಾದ ಕಾದಂಬರಿಗಳನ್ನು ಬರೆದನು. ಕೊನೆಯ ಕಾದಂಬರಿಯ ನಾಯಕಿ ಚಾಂದಬೀಬಿ. ಅದರಲ್ಲಿ ನಮ್ಮ ಬೇಡ ನಾಯಕರೂ ಇದ್ದಾರೆ, ಕೃಷ್ಣೆಯೂ ಇದ್ದಾಳೆ. ಡಬ್ಲಿನ್ನಿನ ಮಳೆಯಲ್ಲಿ ಕುಳಿತು ಸುರಪುರದ ನಾಡನ್ನು ಬರೆದವನಿಗೆ ಬೇಸಿಗೆಯೂ ನೆನಪಾಗುತ್ತಿದ್ದಿರಬೇಕು.

1875ರಲ್ಲಿ ಕಣ್ಣುಗಳು ಮಂಜಾದವು. ಚಳಿಗಾಲವನ್ನು ಬೆಚ್ಚಗಿನ ಸೀಮೆಯಲ್ಲಿ ಕಳೆಯಬೇಕೆಂದು ವೈದ್ಯರ ಸಲಹೆಯಾಯಿತು. ಆ ಕಾಲದಲ್ಲಿ ಸ್ಥಿತಿವಂತ ಆಂಗ್ಲರು ಇದಕ್ಕಾಗಿ ಹೋಗುತ್ತಿದ್ದುದು ಮೆಡಿಟರೇನಿಯನ್ ಕಡಲ ದಂಡೆಯ ಊರುಗಳಿಗೆ. ಕೆನಡಾದ ಮುದುಕ ಮುದುಕಿಗೆ ಕೆರಿಬಿಯನ್ ಊರು ಹೇಗೋ ಹಾಗೆ. ಅಂತಹ ಊರುಗಳಲ್ಲಿ ಮಾಂತೋನ್ ಒಂದು. ನಿಂಬೆಯ ತೋಟಗಳ ಈ ಪುಟ್ಟ ಊರು 1861ರಲ್ಲಿ ಫ್ರಾನ್ಸಿಗೆ ಸೇರಿತು. ಹೆನ್ರಿ ಬೆನೆಟ್ ಎಂಬ ಆಂಗ್ಲ ವೈದ್ಯನು 1859ರಲ್ಲಿ ತನ್ನ ಕ್ಷಯಕ್ಕೆ ಮದ್ದೆಂದು ಅಲ್ಲಿಗೆ ಹೋಗಿ, ಚೇತರಿಸಿಕೊಂಡು, ಅಲ್ಲಿನ ಚಳಿಗಾಲದ ಗುಣಗಾನ ಮಾಡಿ ಪುಸ್ತಕ ಬರೆದ ಮೇಲೆ ರೋಗಿಗಳು ಸಾಲುಗಟ್ಟಿದರು. ಲೇಖಕ ಸ್ಟೀವನ್‌ಸನ್ 1873ರ ಚಳಿಗಾಲವನ್ನು ಅಲ್ಲಿ ಕಳೆದನು. ಲಂಡನ್ನಿನ ಖ್ಯಾತ ಉಪದೇಶಕ ಸ್ಪರ್ಜನ್ ವರ್ಷ ವರ್ಷವೂ ಹೋಗುತ್ತಿದ್ದು, 1892ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದನು. ಬೇಸಿಗೆ ಬಂತೆಂದರೆ ಈ ಅತಿಥಿಗಳೆಲ್ಲ ಗಂಟುಮೂಟೆ ಕಟ್ಟುತ್ತಿದ್ದರು.

ಟೇಲರನಿಗೂ ಅಲ್ಲಿಗೆ ಹೋಗುವುದು ಸುಲಭವಿತ್ತು. ಅವನು ಆರಿಸಿಕೊಂಡದ್ದು ಹೈದರಾಬಾದನ್ನು. ಸಾಲಾರ್ ಜಂಗನ ಆಹ್ವಾನವಿತ್ತು. ಹದಿನೈದನೆಯ ವಯಸ್ಸಿನಲ್ಲಿ ಆಫ್ರಿಕವನ್ನು ಸುತ್ತಿ ತಿಂಗಳುಗಟ್ಟಲೆ ಹಾಯಿಹಡಗಿನಲ್ಲಿ ಬಂದವನಿಗೆ ಈಗ ಸೂಯೆಜ್ ಕಾಲುವೆ ತೆರೆದಿತ್ತು. ಮುಂಬಯಿಯಿಂದ ರೈಲೂ ಇತ್ತು. ಹೈದರಾಬಾದಿನ ಕವಲು ಹಾದಿ ವಾಡಿಯಲ್ಲಿ ತಿರುಗುತ್ತದೆ. ಅದು ತೆರೆದದ್ದು 1874ರಲ್ಲಿ. ವಾಡಿಯಿಂದ ನಮ್ಮ ಯಾದಗಿರಿ ನಿಲ್ದಾಣ ಸುಮಾರು ನಲವತ್ತು ಕಿಲೋಮೀಟರು; ಅಲ್ಲಿಂದ ಭೀಮೆ ದಾಟಿ ಶಹಾಪುರ, ಮುಂದೆ ಸುರಪುರ. ನಾನು ವಾಡಿಯಲ್ಲಿ ರೈಲು ಬದಲಿಸುವಾಗಲೆಲ್ಲ ಕಣ್ಣು ಮಂಜಾದ ಆ ಮುದುಕ ಯಾವ ದಿಕ್ಕಿಗೆ ಮುಖ ಮಾಡಿದ್ದನೋ ಎಂದುಕೊಳ್ಳುತ್ತೇನೆ.

ಚಳಿಗಾಲ ಅವನನ್ನು ಗುಣಪಡಿಸಲಿಲ್ಲ. ಕಾಡುಜ್ವರ ಹಿಡಿದು ಹಾಸಿಗೆಗೆ ಕೆಡವಿತು. 1876ರಲ್ಲಿ ಮರಳಿ ಹೊರಟವನು ದಾರಿಯಲ್ಲಿ ಅದೇ ಮಾಂತೋನ್ ಊರಿನಲ್ಲಿ ಮೇ 13ರಂದು ತೀರಿಕೊಂಡನು, ಚಳಿಗಾಲದ ಅತಿಥಿಗಳು ಊರು ಬಿಡುವ ತಿಂಗಳಲ್ಲಿ. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಪ್ರಕಟಿಸಿದಳು. ಚಾಂದಬೀಬಿಯ ಕಾದಂಬರಿ 1878ರಲ್ಲಿ ಹೊರಬಂದಿತು.

ಈ ಕತೆಯನ್ನು ಕೆನಡಾದ ಹುಡುಗನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಸರ್, ಮುಂದಿನ ಸಲ ಮೇ ತಿಂಗಳಾಗ ರಜಾ ಸಿಗ್ತದೇನು ನೋಡ್ತೀನ್ರಿ” ಎಂದನು. ಒಳಗಿನಿಂದ ಅವನ ತಾಯಿಯ ದನಿ ಬಂತು: “ಬರೂದಾದ್ರ ಮೊದ್ಲೇ ಹೇಳಪಾ, ಮಾಳಿಗಿ ಮ್ಯಾಲ ನೀರಿನ ತಂಬಿಗಿ ಇಡಬೇಕಾಗ್ತದ.”

ಸುರಪುರ, ರಂಗಂಪೇಟೆಯ ಕಡೆಯ ನನ್ನ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಟೇಲರ್ ಸಾಹೇಬನ ಕುರಿತಾಗಲೀ ವೆಂಕಟಪ್ಪ ನಾಯಕರ ಕುರಿತಾಗಲೀ ಮನೆಯ ಹಿರಿಯರಿಂದ ಕೇಳಿದ ಮಾತುಗಳಿದ್ದರೆ ಬರೆದು ತಿಳಿಸಿರಿ. ಸಾಹೇಬನ ಪುಸ್ತಕದಲ್ಲಿ ಇರದ ಮಾತುಗಳಾದರೆ ಇನ್ನೂ ಸಂತೋಷ.